ಹೇಳಬಾರದ ಹೆಸರು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನಾನು ತಪ್ಪು ಒಪ್ಪಿಕೊಳ್ಳುವ ಮನುಷ್ಯನಾಗಿರಲಿಲ್ಲ. 1974ರಲ್ಲಿ ಇಂಡಿ ಊರಿನ ಒಂದು ಸಣ್ಣ ವೃದ್ಧಾಶ್ರಮಕ್ಕೆ ನಾನೇ ವಾರ್ಡನ್, ನಾನೇ ಗುಮಾಸ್ತ. ಹದಿನಾಲ್ಕು ಜನ ಮುದುಕ ಮುದುಕಿಯರು, ಅವರನ್ನು ನೋಡಿಕೊಳ್ಳಲು ಹುಲಿಗೆವ್ವ ಎಂಬ ಆಯಾ, ಎಲ್ಲರ ತಲೆಯ ಮೇಲೆ ನನ್ನ ಸಿಡುಕು.

ಶಂಕ್ರೆವ್ವನನ್ನು ಪೊಲೀಸರು ಬಸ್ ನಿಲ್ದಾಣದಿಂದ ಕರೆತಂದರು. ಬೋಳು ಹಣೆ, ಬರಿಗೊರಳು; ವಿಧವೆ ಎಂದು ನೋಡಿದರೇ ತಿಳಿಯುತ್ತಿತ್ತು. ತನ್ನ ಹೆಸರು ಹೇಳಿದಳು. ಊರು ಕೇಳಿದರೆ, "ಇಲ್ಲೇ, ಹಳ್ಳದ ದಂಡಿಗಿ" ಎಂದಳು. ಗಂಡನ ಹೆಸರು ಕೇಳಿದೆ. ಬಾಯಿಗೆ ಸೆರಗು ಹಿಡಿದು ನಕ್ಕಳು. ಮೂರು ದಿನ ಕೇಳಿದೆ, ಮೂರೂ ದಿನ ಅದೇ ನಗು. ನನಗೆ ರೇಗಿತು. "ಗಂಡನ ಹೆಸರೂ ನೆನಪಿಲ್ಲ" ಎಂದು ಅವಳನ್ನು ಸೇರಿಸಿಕೊಳ್ಳುವ ಅರ್ಜಿಯಲ್ಲಿ ಬರೆದೆ.

ಸಂಜೆಯಾದರೆ ಅವಳು ಗೇಟು ಹಿಡಿದು ನಿಲ್ಲುತ್ತಿದ್ದಳು. "ಹಾದಿ ಬಿಡ್ರಿ. ಅವರು ಉಣ್ಣದ ಕುಂತಿರತಾರ."

ವಾರಕ್ಕೊಮ್ಮೆ ಬರುವ ಡಾಕ್ಟರು ನನ್ನ ಅರ್ಜಿ ಓದಿದರು. ಸೋಮವಾರದೊಳಗೆ ಮನೆಯವರು ಸಿಗದಿದ್ದರೆ ಧಾರವಾಡದ ಹುಚ್ಚರ ಆಸ್ಪತ್ರೆಗೆ ಒಯ್ಯುವುದೆಂದು ನಿಶ್ಚಯವಾಯಿತು.

ಹುಲಿಗೆವ್ವ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. "ಸಾಹೇಬರ, ನಿಮ್ಮ ಅವ್ವ ನಿಮ್ಮ ಅಪ್ಪನ ಹೆಸರು ಹೇಳತಿದ್ಲೇನ್ರಿ?"

ಜನಗಣತಿಯವರು ಬಂದಾಗಲೂ ನನ್ನವ್ವ ನನ್ನನ್ನು ಮುಂದೆ ತಳ್ಳಿ ಅಪ್ಪನ ಹೆಸರು ಹೇಳಿಸಿದ್ದಳು. ಬೆಳಗಾವಿಯಲ್ಲಿ ನಾಲ್ಕು ಅಕ್ಷರ ಕಲಿತು ಬಂದ ನಾನು ಅದನ್ನು ಮರೆತಿದ್ದೆ. ಗಂಡ ಸತ್ತದ್ದನ್ನೇ ಮರೆತ ಶಂಕ್ರೆವ್ವ, ಅವನ ಹೆಸರು ಹೇಳಬಾರದೆಂಬುದನ್ನು ಮರೆತಿರಲಿಲ್ಲ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆ ಮನೆಯಲ್ಲಿ ಹೆಂಗಸರು ಬಾಗಿಲು ಕಟ್ಟಿ ಸತಾಯಿಸಿದಾಗ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳಬೇಕು.

ಭಾನುವಾರ ಮಧ್ಯಾಹ್ನ ಊಟದ ಕೋಣೆಯ ಬಾಗಿಲಿಗೆ ಹುಲಿಗೆವ್ವ ಅಡ್ಡ ನಿಂತಳು. ಹಿಂದೆ ಐದಾರು ಮುದುಕಿಯರು. "ಒಡಪು ಹಾಕವ್ವಾ, ಒಳಗ ಬಿಡ್ತೇನಿ!"

"ಏ, ಹೋಗ್ರೆವ್ವಾ," ಎಂದಳು ಶಂಕ್ರೆವ್ವ. ಮುದುಕಿಯರು ಬಿಡಲಿಲ್ಲ. ರೊಟ್ಟಿ ಆರುತ್ತಿತ್ತು. ಕೊನೆಗೆ ಅವಳು ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು, ಒಂದೇ ಉಸಿರಿಗೆ ಹೇಳಿದಳು:

"ಹಿತ್ತಲ ನಿಂಬಿಗಿಡ ಹೂ ಬಿಟ್ಟು ನಕ್ಕೈತಿ,
ಮೋರಟಗಿ ಮನಿಯಾಗ ದೀಪ ಹೊತ್ತೈತಿ,
ಶ್ರೀಶೈಲಪ್ಪನವರು ಇರೂತನ ನನಗೇನ ಕಡಿಮಿ ಐತಿ!"

ಮುದುಕಿಯರು ಹೋ ಎಂದರು. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು. ಅಂದೇ ಸಿಂದಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮೋರಟಗಿ ಹಳ್ಳಿಗೆ, ಶ್ರೀಶೈಲಪ್ಪನ ಮನೆಯವರಿಗೆ ಚೀಟಿ ಕಳಿಸಿದೆ.

ಸೋಮವಾರ ಬೆಳಿಗ್ಗೆ ಡಾಕ್ಟರ ಜೀಪು ಬಂದು ನಿಂತಿತ್ತು. ಅದರ ಹಿಂದೆಯೇ ಓಡುತ್ತ ಬಂದವನು ಶಂಕ್ರೆವ್ವನ ಮಗ ರೇವಪ್ಪ. ಬೀಗರ ಮನೆಯ ಮದುವೆಗೆ ಹೊರಟಾಗ ಇಂಡಿಯಲ್ಲಿ ಬಸ್ಸು ಬದಲಿಸುವ ಗದ್ದಲದಲ್ಲಿ ತಾಯಿ ಕೈತಪ್ಪಿದ್ದಳಂತೆ. ಬೇರೆ ಬಸ್ಸು ಹತ್ತಿರಬೇಕೆಂದು ಅವನು ಸೋಲಾಪುರದವರೆಗೂ ಹುಡುಕಾಡಿ ಊರಿಗೆ ಮರಳಿದ್ದ.

"ಅವ್ವಾ, ನಾ ರೇವಪ್ಪ. ನಡಿ ಮನಿಗಿ."

ಶಂಕ್ರೆವ್ವ ಅವನ ತಲೆಗೆ ಸುತ್ತಿದ ಪಟಕ ನೋಡಿದಳು, ಮೀಸೆ ನೋಡಿದಳು, ಸರಕ್ಕನೆ ಸೆರಗು ಹಣೆಯ ಮೇಲೆಳೆದುಕೊಂಡು ಕಂಬದ ಮರೆಗೆ ಸರಿದಳು.

"ಯಾರು ಶಂಕ್ರೆವ್ವಾ ಇವರು?" ಎಂದು ಕೇಳಿದೆ.

ಸೆರಗಿನೊಳಗೆ ಅದೇ ನಗು.

"ನನ್ನ ಗುರುತ ಹತ್ತವಲ್ದು ಆಕಿಗಿ," ಎಂದು ರೇವಪ್ಪ ಕುಸಿದು ಕೂತ. ಎಷ್ಟು ಕರೆದರೂ ಅವಳು ಕಂಬ ಬಿಡಲಿಲ್ಲ. ಡಾಕ್ಟರು ಗಡಿಯಾರ ನೋಡಿದರು.

"ನೀವು ನಿಮ್ಮಪ್ಪನಂಗ ಅದೀರೇನು?" ಎಂದೆ.

"ಹೌದ್ರಿ. ಊರಾಗ ಎಲ್ಲಾರೂ ಹಂಗ ಅಂತಾರ."

"ಹಂಗಾದ್ರ ಅವ್ವಾ ಅನಬ್ಯಾಡ್ರಿ. ತಿರುಗಿ ನೋಡಬ್ಯಾಡ್ರಿ. ಸುಮ್ಮ ಮುಂದ ನಡೀರಿ."

ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನ ಮುಖದಲ್ಲಿ ಕಂಡಿತು. ಅದನ್ನು ನೋಡುವುದು ಕಷ್ಟವಾಯಿತು. ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಬಾಯಿ ಬಿಡದೆ ಗೇಟು ದಾಟಿದ.

ಶಂಕ್ರೆವ್ವ ಕಂಬ ಬಿಟ್ಟಳು. ತಲೆ ತಗ್ಗಿಸಿ ಬಂದವಳು, ಗೇಟಿನಲ್ಲಿ ನಿಂತಿದ್ದ ನನಗೆ ಮೆಲ್ಲಗೆ ಹೇಳಿದಳು:

"ಹಾದಿ ಬಿಡ್ರಿ. ಅವರು ಮುಂದ ಹೋದ್ರು."

ನಾನು ಹಾದಿ ಬಿಟ್ಟೆ.