ಮೂರು ದಿನದ ಸೂತಕ

ಚಟ್ಟದ ಹಿಂದಿನ ಬಿದಿರಿಗೆ ಹೆಗಲು ಕೊಡಲು ಬಾಳೇಶ ಬಗ್ಗುವಷ್ಟರಲ್ಲಿ ಪುರೋಹಿತರಾದ ಕೌಶಿಕಾಚಾರ್ರು ಕೈ ಅಡ್ಡ ಹಿಡಿದರು.

"ಸ್ವಲ್ಪ ಸರೀಪಾ. ಮನೀಯವರು ಹೊರತಾರ."

ಬಾಳೇಶ ಸರಿದು ನಿಂತ. ದೇಗಾಂವದ ಗುಡಿಯ ಓಣಿಯಲ್ಲಿ ಎಂಬತ್ತೆರಡು ವರ್ಷದ ಶಾಂತಾಬಾಯಿ ಬೆಳಗಿನ ಜಾವ ತೀರಿಕೊಂಡಿದ್ದರು. ಸುದ್ದಿ ಕೇಳಿದವನೇ ಅವನು ಎಂ.ಕೆ. ಹುಬ್ಬಳ್ಳಿಯಿಂದ ಬೈಕು ಹತ್ತಿ ಬಂದಿದ್ದ. ಬೈಲಹೊಂಗಲದಲ್ಲಿ ಮಾಸ್ತರಿಕೆ ಮಾಡುವ ಅವರ ಮಗ ತ್ರ್ಯಂಬಕರಾಯರು ಅವನನ್ನು ಪಕ್ಕಕ್ಕೆ ಕರೆದರು.

"ಸಂಜೀಕ ಕಿತ್ತೂರಾಗ ನಿನ್ನ ಕಚೇರಿ ಅದ ಅಲ್ಲೇನೋ? ಹೋಗಿ ಛಲೋತ್ನಾಗ ಬಾರಸು. ನಿನಗೇನೂ ಸೂತಕ ಇಲ್ಲ."

ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ಆದರೂ ಬಾಳೇಶನ ಎದೆಗೆ ನಾಟಿತು. ಸೂತಕವೆಂದರೆ ಸತ್ತವರ ಮನೆಯವರಿಗೆ. ಅವರಿಗೆ ಹಾಡಿಲ್ಲ, ಹಬ್ಬವಿಲ್ಲ. ಸೂತಕವಿಲ್ಲ ಎಂದರೆ ನೀನು ಹೊರಗಿನವ ಎಂದೇ ಅರ್ಥ. ಇತ್ತ ಕಚೇರಿಯೇನು ಸಣ್ಣದೇ? ಇಪ್ಪತ್ತು ವರ್ಷ ಮದುವೆ ಮೆರವಣಿಗೆಗಳ ಮುಂದೆ ನಡೆಯುತ್ತಲೇ ಸ್ಯಾಕ್ಸೋಫೋನ್ ನುಡಿಸಿದವನಿಗೆ, ಕುಳಿತು ನುಡಿಸುವ ಯೋಗ ಇದೇ ಮೊದಲ ಸಲ ಬಂದಿತ್ತು. ಕಿತ್ತೂರಿನ ಪೇಟೆಯಲ್ಲಿ ಅವನ ಚಿತ್ರವಿರುವ ಬ್ಯಾನರೂ ಏರಿತ್ತು. ಬಿಟ್ಟರೆ, ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿಕೊಂಡಂತೆ.

* * *

ಅವನ ಅಪ್ಪ ಹಣಮಂತಪ್ಪ ಕಬ್ಬು ಬೆಳೆಯುವ ರೈತ. ಕಬ್ಬು ಸಾಗಿಸಿದ ಮೇಲೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ. ಮಗನಿಗೆ ಬೆರಳಿಡುವುದನ್ನು ಕಲಿಸಿದ. ಅದಕ್ಕಿಂತ ಹೆಚ್ಚು ಅವನಿಗೂ ಬರುತ್ತಿರಲಿಲ್ಲ. ಇಪ್ಪತ್ತರ ಹರೆಯದ ಬಾಳೇಶ ಒಂದು ದಿಬ್ಬಣದಲ್ಲಿ ದೇಗಾಂವದ ಗುಡಿಯ ಮುಂದೆ ನಿಂತು ಕೆನ್ನೆಯುಬ್ಬಿಸಿ ದೇವರನಾಮವೊಂದನ್ನು ಊದುತ್ತಿದ್ದಾಗ, ಎದುರು ಮನೆಯಿಂದ ಅರ್ಚಕರ ಹೆಂಡತಿ ಶಾಂತಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಏ ತಮ್ಮಾ, ದೇವರ ಹೆಸರಿನ ನಡುವ ಯಾಕ ಉಸುರು ತಗೋತೀ? ಅರ್ಧಾ ದೇವರು ಆ ಕಡೆ, ಅರ್ಧಾ ಈ ಕಡೆ!"

ದಿಬ್ಬಣದವರೆಲ್ಲ ನಕ್ಕರು. ಬಾಳೇಶನ ಮುಖ ಹುಳ್ಳಗಾಯಿತು. ಅವನಿಗೆ ಹಾಡಿನ ಧಾಟಿ ಗೊತ್ತಿತ್ತೇ ಹೊರತು ಮಾತು ಗೊತ್ತಿರಲಿಲ್ಲ. ಎಲ್ಲಿ ದಮ್ಮು ಮುಗಿಯಿತೋ ಅಲ್ಲಿ ಉಸಿರು. ಮರುದಿನ ಆ ಹಾಡಿನ ಮಾತು ಕೇಳಿಕೊಂಡು ಹೋಗಲು ಬಂದವನು ಇಪ್ಪತ್ತು ವರ್ಷ ಬಂದ.

ಶಾಂತಾಬಾಯಿ ವೇದಿಕೆ ಹತ್ತಿದವರಲ್ಲ, ಮೈಕು ಮುಟ್ಟಿದವರಲ್ಲ. ಆದರೆ ತವರಿನಲ್ಲಿ ಕಲಿತ ನೂರಾರು ಹಾಡುಗಳು ಅವರ ಬಾಯಲ್ಲಿದ್ದವು, ಒಂದಕ್ಷರ ತಪ್ಪದೆ. ಒಳಗೆ ಜೋಳದ ಭಕ್ಕರಿ ಬಡಿಯುತ್ತ ಅವರು ಹಾಡುವುದು, ಹೊರಗೆ ಕಟ್ಟೆಯ ಮೇಲೆ ಕುಳಿತು ಇವನು ನುಡಿಸುವುದು. ಇವನು ಎಲ್ಲಿಯಾದರೂ ಮಾತು ಮುರಿದರೆ ಭಕ್ಕರಿ ಬಡಿಯುವ ಸದ್ದು ನಿಲ್ಲುತ್ತಿತ್ತು. ಅಷ್ಟು ಸಾಕು, ಅವನು ಮೊದಲಿನಿಂದ ಶುರು ಮಾಡುತ್ತಿದ್ದ. ಬರಬರುತ್ತ ಸವದತ್ತಿ, ರಾಮದುರ್ಗದ ಜನ ಅವನ ವಾದ್ಯ ಊದುವುದಿಲ್ಲ, ಮಾತಾಡುತ್ತದೆ ಎನ್ನತೊಡಗಿದರು. ಆ ಹೊಗಳಿಕೆ ಅರ್ಧಕ್ಕಿಂತ ಹೆಚ್ಚು ಯಾರಿಗೆ ಸೇರಬೇಕೆಂದು ಬಾಳೇಶನಿಗೆ ಗೊತ್ತಿತ್ತು.

ಗುರುಗಳೇ ಎಂದರೆ ಮಾತ್ರ ಅವರಿಗೆ ಸಿಟ್ಟು. "ಗುರು ಗಿರು ಅನಬ್ಯಾಡ. ನಾ ಎಲ್ಲಿ ಕಲಸೀನಿ? ಅಡಗಿ ಮಾಡಕೋತ ಹಾಡೀನಿ, ನೀ ಕೇಳೀದಿ, ಅಷ್ಟ."

* * *

ಹಳ್ಳದ ದಂಡೆಯಲ್ಲಿ ಚಿತೆ ಹತ್ತಿಕೊಂಡಿತು. ಬಾಳೇಶ ಪುರೋಹಿತರ ಮುಂದೆ ಬಂದು ನಿಂತ.

"ಆಚಾರ್ರ, ಗುರು ತೀರಿಕೊಂಡ್ರ ಶಿಷ್ಯಗ ಸೂತಕ ಇರತೈತೇನ್ರಿ?"

"ಅದ, ಮೂರು ದಿನ. ಆದರ ಶಾಂತಾಬಾಯಾರು ಯಾರನ್ನೂ ಶಿಷ್ಯ ಅಂತ ಒಪ್ಪಲಿಲ್ಲಲಾ."

ತ್ರ್ಯಂಬಕರಾಯರೇ ಚಿತೆಯಿಂದ ಕಣ್ಣು ತೆಗೆದು ಮಾತಾಡಿದರು.

"ಒಪ್ಪಲಿಲ್ಲ, ಖರೆ. ಆದರ ಹೊಟ್ಟೀಲೆ ಹುಟ್ಟಿದ ನನಗ ಒಂದು ಹಾಡೂ ಕೊಡಲಿಲ್ಲಾಕಿ. ನಿನಗ ಕಿವೀನ ಇಲ್ಲೋ ಅಂದ್ಲು. ಎಲ್ಲಾ ಇವಗ ಕೊಟ್ಟಾಳ. ಇವ ಶಿಷ್ಯ ಅಲ್ಲಂದ್ರ ಮತ್ಯಾರು ಆಚಾರ್ರ?" ಬಾಳೇಶನ ಕಡೆ ತಿರುಗಿದರು. "ಆದರ ವಿಚಾರ ಮಾಡೋ. ಇಂಥಾ ಕಚೇರಿ ಮತ್ತ ಸಿಗತದೇನು? ಅವ್ವ ಇದ್ದಿದ್ರ ಹೋಗು ಅಂತಿದ್ಲು."

"ಅಂತಿದ್ರು. ಅವರ ಇದೊಂದು ಮಾತು ನಾ ಮೀರತೀನ್ರಿ ರಾಯರ."

ಕಿತ್ತೂರಿನ ಸಂಘಟಕ ಸಚಿನನಿಗೆ ಅಲ್ಲಿಂದಲೇ ಫೋನು ಹಚ್ಚಿದ.

"ಇವತ್ತ ಬರಾಕ ಆಗೂದಿಲ್ಲಪಾ. ನನಗ ಸೂತಕ ಐತಿ."

"ಅಯ್ಯ! ಮನ್ಯಾಗ ಯಾರು ತೀರಿಕೊಂಡ್ರು?"

"ನಮ್ಮ ಗುರುಗಳು."

ಇಪ್ಪತ್ತು ವರ್ಷ ಗಂಟಲಲ್ಲೇ ಇಟ್ಟುಕೊಂಡ ಮಾತು ಹೊರಬಿದ್ದದ್ದೇ ತಡ, ಬೆಳಗಿನಿಂದ ಗಟ್ಟಿಯಾಗಿದ್ದವನು ಗಳಗಳನೆ ಅತ್ತ. ಆ ಕಡೆ ಸಚಿನ ಮುಂದಿನ ಸಲ ಕರೆಯುವುದು ಕಷ್ಟ ಎಂದು ಏನೇನೋ ಹೇಳುತ್ತಿದ್ದ. ಬಾಳೇಶ ಹೂಂ ಅಂದು ಫೋನು ಇಟ್ಟ.

ಆಮೇಲೆ ಮನೆಯವರ ಜೊತೆ ಹಳ್ಳಕ್ಕಿಳಿದು ಮುಳುಗೆದ್ದ. ಕೌಶಿಕಾಚಾರ್ರು ಅಷ್ಟರಲ್ಲಿ ಮಡಿಯುಟ್ಟು ಕಾಲುದಾರಿಯಲ್ಲಿ ನಿಂತಿದ್ದರು. ಸೂತಕದವರು ಮೈಗೆ ತಾಗಬಾರದೆಂದು, ತ್ರ್ಯಂಬಕರಾಯರು ಒದ್ದೆ ಬಟ್ಟೆಯಲ್ಲಿ ಏರಿ ಬಂದಾಗ ಧೋತರದ ಅಂಚೆತ್ತಿಕೊಂಡು ದಾರಿ ಬಿಟ್ಟು ಸರಿದರು. ಹಿಂದೆಯೇ ಬಾಳೇಶ ಬಂದ. ಅಂಚು ಇಳಿಸಲು ಹೋದ ಆಚಾರ್ರು, ಅವನಿಗೂ ಸೂತಕವೆಂಬುದು ನೆನಪಾಗಿ, ಇನ್ನೊಂದು ಹೆಜ್ಜೆ ಹಿಂದೆ ಸರಿದು, ಅವನು ದಾಟುವತನಕ ಹಾಗೆಯೇ ಎತ್ತಿ ಹಿಡಿದುಕೊಂಡು ನಿಂತರು.