ದೊಡ್ಡದಾದ ಎಂಜಿನ್, ಅದೇ ತಿರುವು

ನಮ್ಮ ಯಜಮಾನರಾದ ಶಿಗೆತೊ ಅವರ ಪುಟ್ಟ ಜೀಪಿಗೆ ನಾಲ್ಕು ಸಿಲಿಂಡರ್ ಇದ್ದವು, ಇಬ್ಬರನ್ನು ಹೊತ್ತು ಘಾಟಿ ಹತ್ತುವ ತಾಕತ್ತು ಮಾತ್ರ ಇರಲಿಲ್ಲ. ಪ್ರತಿ ಭಾನುವಾರ ಘಾಟಿಯ ಮೇಲಿನ ಬಿಸಿನೀರಿನ ಬುಗ್ಗೆಗೆ ಸ್ನಾನಕ್ಕೆ ಹೋಗುವಾಗ, ಜಿಜೋ ದೇವರ ಕಲ್ಲಿರುವ ತಿರುವಿನಲ್ಲಿ ನಾನು ಇಳಿದು ನಡೆಯಬೇಕು, ಅವರು ಖಾಲಿ ಗಾಡಿ ಹತ್ತಿಸಿ ಮೇಲೆ ಕಾಯಬೇಕು. ಹನ್ನೆರಡು ವರ್ಷ ಹೀಗೇ ನಡೆಯಿತು.

ಈ ಚಳಿಗಾಲ ಅವರು ಹಟಕ್ಕೆ ಬಿದ್ದರು. ಮೆಕ್ಯಾನಿಕ್ ಮಿನೊವಾ ಜೊತೆ ಸೇರಿ ಎಂಜಿನ್ ಬಿಚ್ಚಿದರು. ಸಿಲಿಂಡರ್ ಕೊರೆಸಿ ದಪ್ಪ ಪಿಸ್ಟನ್, ದೊಡ್ಡ ಕ್ರ್ಯಾಂಕ್ ಹಾಕಿಸಿ, ಸಾವಿರದ ಮುನ್ನೂರು ಸಿ.ಸಿ.ಯನ್ನು ಸಾವಿರದ ಆರುನೂರಕ್ಕೆ ಏರಿಸಿದರು. ಮೂರು ತಿಂಗಳು ಮಿಸೊ ಸಾರು ಕುಡಿಯುವಾಗಲೂ ಮನೆಯಲ್ಲಿ ಅದೇ ಪುರಾಣ.

ಕೊನೆಗೆ ಆ ಭಾನುವಾರ ಬಂತು. ತಿರುವಿನಲ್ಲಿ ಜೀಪು ಗುಟುರು ಹಾಕಿ ಸಲೀಸಾಗಿ ಹತ್ತತೊಡಗಿತು.

"ನೋಡ್ದ್ಯಾ! ಇನ್ಮೇಲೆ ನೀನು ಇಳಿಯೋ ಹಾಗೇ ಇಲ್ಲ!"

"ನಿಲ್ಸ್ರೀ," ಅಂದೆ.

"ಯಾಕೆ? ಚೆನ್ನಾಗಿ ಎಳೀತಿದೆಯಲ್ಲ!"

"ಎಳೀಲಿ ಬಿಡಿ. ವಾರದಲ್ಲಿ ನಿಮ್ಮ ಮಾತು ನನ್ನ ಕಿವಿಗೆ ಬೀಳದೇ ಇರೋದು ಈ ಇಪ್ಪತ್ತು ನಿಮಿಷ ಮಾತ್ರ. ಅದನ್ನೂ ಕಿತ್ಕೋಬೇಡಿ."

ಅವರ ಮುಖ ಹುಳ್ಳಗಾಯಿತು. ನಾನು ಇಳಿದು ಹೊರಟೇಬಿಟ್ಟೆ. ಹಿಂದೆ ಎಂಜಿನ್ ನಿಂತಿತು, ಬಾಗಿಲು ಬಡಿದ ಸದ್ದಾಯಿತು.

"ನಾನೂ ನಡೀತೀನಿ ಕಣೇ. ತುಟಿ ಪಿಟಕ್ ಅನ್ನಲ್ಲ."

ಹತ್ತು ಹೆಜ್ಜೆ ನಿಜಕ್ಕೂ ಸುಮ್ಮನಿದ್ದರು.

"ಅಲ್ವೇ," ಅಂದರು ಹನ್ನೊಂದನೆಯ ಹೆಜ್ಜೆಗೆ, "ಎರಡ್ನೇ ಗೇರಲ್ಲೇ ಹತ್ತಿತು, ಗಮನಿಸಿದ್ಯಾ?"