ಯಾವ ಮರದ್ದು?

ಶಿರಸಿ ಕಡೆ ಊಟದ ಎಲೆಗೆ ಮಾವಿನಮಿಡಿ ಉಪ್ಪಿನಕಾಯಿ ಬಿತ್ತೆಂದರೆ, ಉಣ್ಣುವವರು ಅದರ ಕುಲಗೋತ್ರ ವಿಚಾರಿಸದೆ ಬಿಡುವುದಿಲ್ಲ. "ಯಾವ ಮರದ್ದು?" ಎಂಬುದು ಮೊದಲ ಪ್ರಶ್ನೆ. ಇಂಥ ಊರಿನ ಇಂಥ ಹಳ್ಳದ ದಂಡೆಯ ಮರ ಎಂದು ಹೇಳಿದರೆ ಮನೆಯೊಡತಿಯ ಮರ್ಯಾದೆ ಏರುತ್ತದೆ. ಪೇಟೆಯಲ್ಲಿ ಕೊಂಡದ್ದು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದ ಪರಿಮಳಾ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಡುಗೆಯ ಬ್ಲಾಗ್ ಬರೆಯುತ್ತಿದ್ದಳು. ಓದುವವರು ಹೆಚ್ಚಾದದ್ದೇ ತಡ, ಎಣ್ಣೆ ಕಂಪನಿಯೊಂದರಿಂದ ಪತ್ರ ಬಂತು. ತಮ್ಮ ಎಣ್ಣೆಯನ್ನು ಹೊಗಳಿ ಬರೆದರೆ ಹಣ ಕೊಡುವರಂತೆ.

"ನಾಲ್ಕು ಸಾಲು ಬರದ್ರೆ ಎಂತ ಆಗ್ತು?" ಎಂದ ಗಂಡ ಶಾಂತಾರಾಮ.

"ಆ ಎಣ್ಣೆ ಆನು ಒಂದು ದಿನನೂ ಬಾಣಲೆಗೆ ಹಾಕಿದ್ನಿಲ್ಲೆ. ಸುಳ್ಳು ಹೊಗಳದಕ್ಕಿಂತ ನಮ್ಮನೆ ಉಪ್ಪಿನಕಾಯಿ ಮಾರದು ಚೊಲೊ."

ಹಾಗೆ ಶುರುವಾಯಿತು ಬ್ಲಾಗಿನ ಮೂಲಕ ಉಪ್ಪಿನಕಾಯಿ ವ್ಯಾಪಾರ. ಮಿಡಿ ತಂದುಕೊಡುತ್ತಿದ್ದವಳು ಕಾನಸೂರು ಕಡೆಯ ದುರ್ಗಿ. ಅವಳ ಗಂಡ ತಿಮ್ಮ ಹಳ್ಳದಂಚಿನ ಅಪ್ಪೆಮಾವಿನ ಮರ ಹತ್ತಿ, ಒಂದೊಂದೇ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಿದ್ದ. ಬಿದ್ದ ಮಿಡಿ ಕೊಳೆಯುತ್ತದೆಂದು ಅವನು ಮುಟ್ಟುತ್ತಿರಲಿಲ್ಲ. ತುದಿಯ ಟೊಂಗೆಯನ್ನು ಮರದ ಪಾಲೆಂದು ಬಿಟ್ಟು ಬರುತ್ತಿದ್ದ.

ಮೊದಲ ವರ್ಷವೇ ಮುಂಬಯಿಯ ಓದುಗರೊಬ್ಬರು ಕೇಳಿದರು: "ಯಾವ ಮರದ್ದು?" ಪರಿಮಳಾ ಹಿಗ್ಗಿ ಹೀರೇಕಾಯಿಯಾದಳು. ಕಾನಸೂರಿನಿಂದ ಎಷ್ಟು ದೂರ, ಹಳ್ಳದ ಮೇಲಿನ ಯಾವ ಕಾಲುಸಂಕ ದಾಟಿ ಬಲಕ್ಕೆ ತಿರುಗಬೇಕು, ಯಾವ ಜೋಡಿ ಹೊನ್ನೆಮರಗಳ ಹಿಂದೆ ಎಂದೆಲ್ಲ ಫೋಟೋ ಸಮೇತ ಬರೆದಳು. ಅವಳ ಬ್ಲಾಗಿನಲ್ಲಿ ಅತಿ ಹೆಚ್ಚು ಜನ ಓದಿದ್ದು ಅದನ್ನೇ. ಅಂದಿನಿಂದ ಭರಣಿಗಳ ಮೇಲೂ ಮರದ ಹೆಸರಿನ ಚೀಟಿ ಅಂಟಿಸತೊಡಗಿದಳು.

ಮರುವರ್ಷ, ೨೦೦೮ರ ಶಿವರಾತ್ರಿಗೆ ಮೊದಲು, ನಲವತ್ತು ಮನೆಯವರು ಉಪ್ಪಿನಕಾಯಿಗೆ ಹೇಳಿಟ್ಟಿದ್ದರು. ತೊಳೆದ ಭರಣಿಗಳು ಬಿಸಿಲಿಗೆ ಒಣಗುತ್ತಿದ್ದವು. ದುರ್ಗಿ ಬಂದಳು. ಬುಟ್ಟಿ ಖಾಲಿ. ಸೆರಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು ಕೊಟ್ಟಳು.

"ಯಾರೋ ಜೀಪಲ್ಲಿ ಬಂದಿದ್ರು ಅಮ್ಮ. ನಮ್ಮನೆಯವ್ರು ಮರದ ದಾರಿ ಹೇಳ್ಳಿಲ್ಲ. ಅವ್ರ ಕೈಲಿ ಈ ಚೀಟಿ ಇತ್ತು. ಹತ್ತೂಕೆ ಯಾರಿಗೆ ಪುರಸೊತ್ತು? ಟೊಂಗೆ ಟೊಂಗೆನೇ ಕಡ್ದು ಹೇರ್ಕೊಂಡು ಹೋದ್ರು. ಈಗ ಬೊಡ್ಡೆ ಒಂದೇ ನಿಂತದೆ. ಚೀಟಿ ಅಲ್ಲೇ ಬಿದ್ದಿತ್ತು."

ಅದು ಪರಿಮಳಾಳ ಬ್ಲಾಗಿನ ಪುಟ. ಅವಳದೇ ಫೋಟೋ, ಅವಳದೇ ಸಂಕ, ಅವಳದೇ ಹೊನ್ನೆಮರ.

"ನಾನು ಮರ ಕಡೀರಿ ಅಂತ ಬರ್ದಿದ್ನಾ ದುರ್ಗಿ?" ದನಿ ಬೇಕಾದದ್ದಕ್ಕಿಂತ ಜೋರಾಯಿತು.

"ಇಲ್ಲ ಅಮ್ಮ. ನೀವು ದಾರಿ ಹೇಳಿದ್ರಿ, ಅಷ್ಟೇಯ."

ದುರ್ಗಿಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಪರಿಮಳಾಳಿಗೆ ಜಗಳವಾಡಲಾದರೂ ಅನುಕೂಲವಾಗುತ್ತಿತ್ತು. ಚಹಾ ಕುಡಿಯದೆಯೇ ಅವಳು ಹೊರಟುಹೋದಳು.

"ಮಾರ್ಕೆಟಲ್ಲಿ ಮಿಡಿ ಬೈಂದು. ತಂದು ಹಾಕು. ತಿಂದವಕ್ಕೆ ಎಂತ ಗೊತ್ತಾಗ್ತು? ಮಾತು ಕೊಟ್ಟಾಗಿದ್ದಲೆ," ಎಂದ ಶಾಂತಾರಾಮ. ಅವನದ್ದೂ ಸುಳ್ಳಲ್ಲ. ನಲವತ್ತು ಮನೆಗಳಿಗೆ ಕೊಟ್ಟ ಮಾತು.

ಪರಿಮಳಾ ಮಾರ್ಕೆಟ್ಟಿಗೆ ಹೋದಳು. ರಾಶಿಯ ಮುಂದೆ ಕೂತು ಒಂದು ಮಿಡಿಯ ತೊಟ್ಟು ಮುರಿದು ಸೊನೆ ಮೂಸಿದಳು. ಜೀರಿಗೆಯ ಘಮ. ಅದೇ ಮರ. ಕೆಲವಕ್ಕೆ ಇನ್ನೂ ಬಾಡದ ಎಲೆಗಳೂ ಅಂಟಿಕೊಂಡಿದ್ದವು.

"ಒಳ್ಳೆ ಮಾಲು ತಗೊಳ್ರಿ ಅಕ್ಕಾವ್ರೆ, ಕಾನಸೂರು ಹಳ್ಳದ ಅಪ್ಪೆ," ಎಂದ ವ್ಯಾಪಾರಿ. "ಕಂಪ್ಯೂಟರ್‌ನಾಗೂ ಇದರ ಹೆಸರು ಬಂದೈತ್ರಿ!"

ಕೊಂಡರೆ ಯಾರಿಗೂ ಸುಳ್ಳು ಹೇಳಿದಂತಾಗುತ್ತಿರಲಿಲ್ಲ. ಅದೇ ಮರ, ಅದೇ ರುಚಿ. ಎಣ್ಣೆ ಕಂಪನಿಗೆ ಬೇಡವೆಂದು ಬೀಗಿದ್ದ ಪರಿಮಳಾಳಿಗೆ ನಾಚಿಕೆಯಾಯಿತು. ಸುಳ್ಳು ಹೇಳದಿದ್ದರೆ ಸಾಕು ಎಂದುಕೊಂಡಿದ್ದಳು. ನಿಜವನ್ನು ಹೇಳಿಯೇ ಮರ ಕಳೆದಿದ್ದಳು. ಮಿಡಿಯನ್ನು ರಾಶಿಗೆ ವಾಪಸು ಇಟ್ಟು ಖಾಲಿ ಚೀಲದೊಂದಿಗೆ ಎದ್ದಳು.

ಝೆರಾಕ್ಸ್ ಅಂಗಡಿಗೆ ಬಂದು ದಾರಿ ಹೇಳಿದ್ದ ಬರಹವನ್ನು ಅಳಿಸಿದಳು. ನಲವತ್ತು ಮಂದಿಗೂ ಈ ವರ್ಷ ಉಪ್ಪಿನಕಾಯಿ ಇಲ್ಲವೆಂದು ಬರೆದಳು. ಯಾಕೆ ಇಲ್ಲ, ತಪ್ಪು ಯಾರದು ಎಂಬುದನ್ನೂ ಬರೆದಳು. ಹನ್ನೊಂದು ಮಂದಿ ಬೈದರು. ಭರಣಿಗಳು ಮತ್ತೆ ಅಟ್ಟ ಸೇರಿದವು.

ಮುಂದಿನ ವರ್ಷ ಅವಳೇ ಕಾನಸೂರಿಗೆ ಹೋಗಿ ಮಿಡಿ ಕೊಡುವಂತೆ ದುರ್ಗಿಯನ್ನು ಕೇಳಿಕೊಂಡಳು. ದುರ್ಗಿ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಹದಿನೈದು ದಿನ ಕಳೆದು, ಎಲೆ ಮುಚ್ಚಿದ ಬುಟ್ಟಿಯನ್ನು ತಂದು ಜಗುಲಿಯ ಮೇಲಿಟ್ಟಳು. ಅರ್ಧ ಬುಟ್ಟಿ ಮಿಡಿ, ಎಲ್ಲಕ್ಕೂ ತೊಟ್ಟಿತ್ತು. ಪರಿಮಳಾ ಒಂದನ್ನು ಮುರಿದು ಮೂಸಿದಳು. ಬೇರೆಯೇ ಘಮ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ಬಾಯಿ ತಾನಾಗಿ ತೆರೆಯಿತು:

"ಯಾವ ಮರ..."

ಅಷ್ಟಕ್ಕೇ ತುಟಿ ಕಚ್ಚಿಕೊಂಡಳು. ದುರ್ಗಿ ನಕ್ಕಳು.

"ಕೇಳಿದ್ರೂ ಹೇಳೂದಿಲ್ಲ ಅಮ್ಮ."

"ಬ್ಯಾಡ. ಹೇಳೂದೇ ಬ್ಯಾಡ. ಕೂತ್ಕ, ಚಾ ಮಾಡ್ತೆ."

ಆ ವರ್ಷ ಹನ್ನೆರಡೇ ಭರಣಿ ತುಂಬಿದವು. ಮರದ ಹೆಸರು ಅಂಟಿಸುತ್ತಿದ್ದ ಜಾಗದಲ್ಲಿ ಪರಿಮಳಾ ಬೇರೆ ಚೀಟಿ ಅಂಟಿಸಿದಳು: 'ಹತ್ತಿ ಕೊಯ್ದವರು, ತಿಮ್ಮ.'